ಲಕ್ಷ ಬತ್ತಿಯ ಲೆಕ್ಕ

ದೈವಭಕ್ತೆಯಾಗಿದ್ದ ಅಜ್ಜಿ ತೀರಿಕೊಂಡಾಗ ಮನೆಯವರು ಬರೆಯುವ ಶ್ರದ್ಧಾಂಜಲಿಗಳು ಹೆಚ್ಚು ಕಡಿಮೆ ಒಂದೇ ಧಾಟಿಯಲ್ಲಿರುತ್ತವೆ. ಪೂಜೆ, ಏಕಾದಶಿ, ವ್ರತ, ಯಾರ ಮನಸ್ಸನ್ನೂ ನೋಯಿಸದ ಗುಣ, ಕೊನೆಗೆ ‘ದೇವರಂಥ ಹೆಂಗಸು’ ಎಂಬ ಮಾತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆಕೆ ಮಾಡಿದ ಕೆಲಸದ ಸುದ್ದಿಯೇ ಇದರಲ್ಲಿ ಇರುವುದಿಲ್ಲ. ಭಕ್ತಿಯನ್ನು ಸ್ವಭಾವದ ಖಾತೆಗೆ ಜಮಾ ಮಾಡಿಬಿಟ್ಟರೆ ಅದರ ಹಿಂದಿನ ದುಡಿಮೆ, ಲೆಕ್ಕಾಚಾರ, ಕೈಚಳಕ ಯಾವುದನ್ನೂ ಹೇಳಬೇಕಾಗುವುದಿಲ್ಲ. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜಿಯ ಭಕ್ತಿಯ ದೊಡ್ಡ ಪಾಲು ಬೆರಳ ತುದಿಯ ಕಸುಬೇ ಆಗಿತ್ತು. ಹೂಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು, ಇವನ್ನು ಹೊತ್ತು ಕಳೆಯುವ ಉಪಾಯವೆನ್ನದೆ ಕುಶಲಕಲೆ ಎಂದೇ ಕರೆಯಬೇಕು ಎನ್ನುವುದು ನನ್ನ ವಾದ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡಿ. ಅರಳೆಯಿಂದ ಬೀಜ, ಕಸ ಬಿಡಿಸಿ ಹಗುರವಾಗಿ ಹಿಂಜಿಕೊಳ್ಳಬೇಕು. ಚಿಟಿಕೆಯಷ್ಟು ಹತ್ತಿಯನ್ನು ತೆಳ್ಳಗೆ ಹರಡಿ, ಅಂಚುಗಳನ್ನು ಮೇಲಕ್ಕೆ ಕೂಡಿಸಿ, ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದರೆ ಹೂಬತ್ತಿ. ಬೆರಳು ಜಾರದಿರಲಿ, ನೂಲು ಹಿಡಿತಕ್ಕೆ ಬರಲಿ ಎಂದು ಕೆಲವರು ವಿಭೂತಿ ಸವರಿಕೊಳ್ಳುತ್ತಾರೆ, ಕೆಲವರು ಹಾಲು. ಬುಡ ಅಗಲವಾಗಿ ಹಣತೆಯಲ್ಲಿ ನೆಟ್ಟಗೆ ಕೂರಬೇಕು, ಏಕೆಂದರೆ ತುಪ್ಪವನ್ನು ಹೀರಿಕೊಂಡು ಮೇಲಕ್ಕೆ ಕಳಿಸುವುದು ಆ ಬುಡವೇ. ತೀರಾ ಬಿಗಿಯಾಗಿ ಹೊಸೆದರೆ ತುಪ್ಪ ಏರದೆ ತುದಿ ಕರಕಾಗುತ್ತದೆ. ಸಡಿಲ ಬಿಟ್ಟರೆ ಭಗ್ಗನೆ ಉರಿದು ಮುಗಿದೇ ಹೋಗುತ್ತದೆ. ಗೆಜ್ಜೆವಸ್ತ್ರದ ಕಷ್ಟ ಬೇರೆ. ಉದ್ದಕ್ಕೆ ಎಳೆದ ಅರಳೆಯ ಪಟ್ಟಿಯನ್ನು ಸಮ ಅಂತರದಲ್ಲಿ ಹಿಡಿದು ತಿರುವುತ್ತಾ ಹೋಗಬೇಕು. ತಿರುವಿದಲ್ಲಿ ದಾರದಷ್ಟು ಸಣ್ಣ, ಬಿಟ್ಟಲ್ಲಿ ಗೆಜ್ಜೆಯಷ್ಟು ದುಂಡು. ತಿರುವಿದ ಜಾಗಕ್ಕೆ ಕಲಸಿದ ಕುಂಕುಮದ ಬೊಟ್ಟು. ಒಂದು ಗೆಜ್ಜೆ ದಪ್ಪವಾಗಿ ಮುಂದಿನದು ಸಣ್ಣದಾದರೆ ಇಡೀ ಮಾಲೆ ಸೊಟ್ಟಗೆ ಕಾಣುತ್ತದೆ. ಎಷ್ಟು ಗೆಜ್ಜೆ ಇರಬೇಕೆಂಬುದು ಆಯಾ ಮನೆಯ ರೂಢಿ. ಅಳತೆಪಟ್ಟಿ ಇಲ್ಲದೆ ಈ ಅಂತರ ಸರಿಬರಬೇಕಾದರೆ ವರ್ಷಗಟ್ಟಲೆಯ ರೂಢಿ ಬೇಕು.

ಇನ್ನು ಲಕ್ಷಬತ್ತಿ. ಒಂದು ಲಕ್ಷ ಬತ್ತಿ ಹೊಸೆದು ದೇವರ ಮುಂದೆ ಬೆಳಗಿಸಿ ಉದ್ಯಾಪನೆ ಮಾಡುವ ಈ ವ್ರತವನ್ನು ಜನ ಕೈಮುಗಿದು ಕೇಳುತ್ತಾರೆ, ಲೆಕ್ಕ ಹಾಕುವುದಿಲ್ಲ. ಪಳಗಿದ ಕೈಗೆ ಒಂದು ಬತ್ತಿಗೆ ಅರ್ಧ ನಿಮಿಷ ಎಂದು ಹಿಡಿಯೋಣ. ಲಕ್ಷಕ್ಕೆ 50,000 ನಿಮಿಷ, ಅಂದರೆ ಸುಮಾರು 833 ಗಂಟೆ. ದಿನಕ್ಕೆ ಎಂಟು ಗಂಟೆಯ ನೌಕರಿಯ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ದಿನಗಳ ದುಡಿಮೆ. ಅಡುಗೆ, ಮೊಮ್ಮಕ್ಕಳು, ಬಂದು ಹೋಗುವವರ ನಡುವೆ ದಿನಕ್ಕೆ ಮುನ್ನೂರು ಹೊಸೆದರೂ ಹನ್ನೊಂದು ತಿಂಗಳು ಬೇಕು. ಹತ್ತಿ ಕೊಳ್ಳಬೇಕು, ಕಟ್ಟುಗಳನ್ನು ಎಣಿಸಿಡಬೇಕು, ಮಳೆಗಾಲದ ತೇವದಿಂದ ಕಾಪಾಡಬೇಕು, ತುಪ್ಪ ಹೊಂದಿಸಬೇಕು. ಇಷ್ಟನ್ನು ವರ್ಷವಿಡೀ ನಿಭಾಯಿಸಿದವಳನ್ನು ‘ಪಾಪ, ಮುಗ್ಧೆ’ ಎನ್ನುವುದು ನನಗಂತೂ ಹೊಂದುವುದಿಲ್ಲ.

ಇದೇ ಹತ್ತಿ, ಇದೇ ಬೆರಳು ದೇವರಕೋಣೆಯಿಂದ ಹೊರಗೆ ಬಂದಾಗ ಸಿಕ್ಕ ಮರ್ಯಾದೆಯೇ ಬೇರೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನ ತಿಂಗಳಿಗೆ 2000 ಗಜ ಕೈನೂಲನ್ನು ಸದಸ್ಯತ್ವದ ಅರ್ಹತೆಯನ್ನಾಗಿ ಮಾಡಿತು. ಆ ನಿಯಮ ಹೆಚ್ಚು ದಿನ ನಿಲ್ಲಲಿಲ್ಲ, ಆದರೆ ನೂಲುವುದು ದೇಶದ ಕೆಲಸ ಎಂಬ ಗೌರವ ಉಳಿಯಿತು. ಧಾರವಾಡದ ಕಡೆಯ ಕಸೂತಿಯೂ ಮನೆಯ ಹೆಂಗಸರ ಕೈಕೆಲಸವೇ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಅದರ ಹೊಲಿಗೆಗಳ ಹೆಸರು ಇವತ್ತು ಪುಸ್ತಕಗಳಲ್ಲಿವೆ, ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಮಾರಾಟಕ್ಕೆ ಹೋದದ್ದು ಕಲೆಯಾಯಿತು, ದೇವರ ಕೊರಳಿಗೆ ಹೋದದ್ದು ಮಡಿಯಾಯಿತು. ಎರಡರ ನಡುವೆ ಕುಶಲತೆಯಲ್ಲಿ ಇಂಥ ಅಂತರವೇನೂ ಇಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಬೇರೆ ದಾರಿಗಳನ್ನೆಲ್ಲ ಮುಚ್ಚಿ ಹೆಂಗಸರನ್ನು, ಅದರಲ್ಲೂ ವಿಧವೆಯರನ್ನು, ಬತ್ತಿಯ ಬುಟ್ಟಿಯ ಮುಂದೆ ಕೂರಿಸಿದ್ದನ್ನು ಕಲೆಯೆಂದು ಕೊಂಡಾಡಬೇಕೇ? ಅಲ್ಲಗಳೆಯುವ ಮಾತಲ್ಲ. ಆದರೆ ಎಂ.ಕೆ. ಇಂದಿರಾ 1976ರಲ್ಲಿ ಪ್ರಕಟಿಸಿದ, 1983ರಲ್ಲಿ ಪ್ರೇಮಾ ಕಾರಂತರು ತೆರೆಗೆ ತಂದ ‘ಫಣಿಯಮ್ಮ’ ಇಲ್ಲಿ ಉತ್ತರದ ದಾರಿ ತೋರಿಸುತ್ತದೆ. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮನಿಗಾದ ಅನ್ಯಾಯವನ್ನು ಆ ಕಾದಂಬರಿ ಎಲ್ಲೂ ಮುಚ್ಚಿಡುವುದಿಲ್ಲ. ಜೊತೆಗೇ ಹೆರಿಗೆ ಮಾಡಿಸುವ ಅವಳ ಕೈಯ ಬಲ್ಮೆಯನ್ನೂ ಕಡೆಗಣಿಸುವುದಿಲ್ಲ. ಕಟ್ಟುಪಾಡು ತಪ್ಪು, ಕೈಕೆಲಸ ಅವಳದು. ಕಟ್ಟುಪಾಡಿನ ಮೇಲಿನ ಸಿಟ್ಟಿಗೆ ಕೈಕೆಲಸವನ್ನೂ ಅಳಿಸಿಹಾಕಿದರೆ ಅವಳ ಪಾಲಿಗೆ ಇದ್ದ ಒಂದನ್ನೂ ಕಿತ್ತುಕೊಂಡಂತೆ. ಇನ್ನು ಇದು ಒಂದು ಜಾತಿಯ ಮನೆಗಳ ಬಾಬತ್ತು ಎನ್ನುವವರು ಗೌರಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಗೆಜ್ಜೆವಸ್ತ್ರ ಕೊಳ್ಳುವವರನ್ನು ನೋಡಿದರೆ ಸಾಕು.

ಅಂಗಡಿಯಲ್ಲಿ ಪೊಟ್ಟಣ ಸಿಗುವಾಗ ಕಲಿಯುವುದೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಎಲ್ಲರೂ ಹೊಸೆಯಬೇಕೆಂದು ನಾನು ಹೇಳುತ್ತಿಲ್ಲ. ಮಗ್ಗದಲ್ಲಿ ಕೂರದೆಯೂ ಇಳಕಲ್ ಸೀರೆಯ ನೇಯ್ಗೆಯನ್ನು ಮೆಚ್ಚುತ್ತೇವಲ್ಲ. ತೊಂದರೆ ಇರುವುದು ದಾಖಲೆಯಲ್ಲಿ. ಹಳೆಯ ಕಸೂತಿಯ ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಬತ್ತಿ ಉರಿದುಹೋಗುತ್ತದೆ, ಗೆಜ್ಜೆವಸ್ತ್ರ ಮರುದಿನ ನಿರ್ಮಾಲ್ಯದ ಜೊತೆ ಹೊರಡುತ್ತದೆ. ಹಾಗಾಗಿ ಈ ಕಲೆಯನ್ನು ಬಲ್ಲವರ ಕೈ ಓಡುವಾಗಲೇ ಬರೆದುಕೊಳ್ಳಬೇಕು: ಯಾವ ಹತ್ತಿ, ಹಾಲೋ ವಿಭೂತಿಯೋ, ಯಾವ ದೇವರಿಗೆ ಎಷ್ಟು ಗೆಜ್ಜೆ, ತಿರುವುವುದು ಯಾವ ದಿಕ್ಕಿಗೆ, ಕಲಿಸಿದವರು ತಾಯಿಯೋ ಅತ್ತೆಯೋ. ಶ್ರದ್ಧಾಂಜಲಿಯ ನಾಲ್ಕು ಸಾಲಿನಲ್ಲಿ ಒಂದನ್ನಾದರೂ ಇದಕ್ಕೆ ಮೀಸಲಿಡಬಹುದು.