ಮದಿವಿ ಫೋಟೊ ಬರಲಿಲ್ಲ, ಮುಂದೇನು?

ಮದಿವಿ ಒಂದೇ ದಿನ. ಫೋಟೊ ಮಾತ್ರ ಮೊಮ್ಮಕ್ಕಳ ತನಕ. ಅದಕ್ಕೇ ತೊಗರಿ ಮಾರಿದ ರೊಕ್ಕದಾಗ ಫೋಟೊದವರಿಗೂ ಒಂದಿಷ್ಟು ತೆಗೆದಿಡುತ್ತೇವೆ. ಆ ಫೋಟೊನೇ ಬರದಿದ್ದರೆ?

ಒಂದು ಉದಾಹರಣೆ ನೋಡೋಣ.

ಹುಡುಗಿ ಆಳಂದ ತಾಲ್ಲೂಕಿನವಳು. ಗಂಡನ ಮನೆ ಜೇವರ್ಗಿ ತಾಲ್ಲೂಕು. ಹುಡುಗಿಯ ಅಪ್ಪ ಸೊಲ್ಲಾಪುರದಿಂದ ಫೋಟೊದವನನ್ನು ಕರೆಸಿದರು. 30,000 ರೂಪಾಯಿಗೆ ಮಾತಾಯಿತು. 20,000 ಮೊದಲೇ ಕೊಟ್ಟರು. ಮಾತೆಲ್ಲ ಬಾಯಿಂದಲೇ. ಚೀಟಿ ಇಲ್ಲ, ರಸೀದಿ ಇಲ್ಲ.

ಮದುವೆ ದಿನ ಅವನು ಬರಲಿಲ್ಲ. ಕೆಲಸ ಕಲಿಯುವ ಒಬ್ಬ ಹುಡುಗನನ್ನು ಕಳಿಸಿದ. ಆಲ್ಬಮ್ ಒಂದು ತಿಂಗಳು ಅಂದದ್ದು ಆರು ತಿಂಗಳಾಯಿತು. ಬಂದಾಗ ನೋಡಿದರೆ ಅರಿಶಿಣ ಹಚ್ಚಿದ್ದು ಇದೆ, ಸುರಗಿ ಸುತ್ತಿದ್ದು ಇದೆ. ತಾಳಿ ಕಟ್ಟಿದ್ದು ಇಲ್ಲ. ಅಕ್ಕಿಕಾಳು ಬಿದ್ದದ್ದು ಇಲ್ಲ. ಹುಡುಗಿಯ ಅಜ್ಜಿ ಅಕ್ಕಿಕಾಳು ಹಾಕಿ ಹರಸಿದ್ದಳು. ಮದುವೆಯಾಗಿ ಎರಡು ತಿಂಗಳಿಗೆ ಅಜ್ಜಿ ತೀರಿಕೊಂಡಳು.

"ಏನ್ರಿ, ಅಜ್ಜಿದು ಒಂದೂ ಫೋಟೊ ಇಲ್ಲೇನ್ರಿ?"

"ಕಾರ್ಡ್ ಕೆಟ್ಟದಂತ. ಏನು ಮಾಡೂದು, ಬಿಡು."

"ಯಾಕ ಬಿಡಬೇಕ್ರಿ? ನಮ್ಮಪ್ಪನ ರೊಕ್ಕ ಪುಕ್ಕಟ ಬಂದಿತ್ತೇನು?"

ಅವಳು ಕೇಳಿದ್ದು ಸರಿಯಾಗಿದೆ.

ಕಾರ್ಡ್ ಅಂದರೇನು? ಮೊದಲು ಕ್ಯಾಮರಾದಲ್ಲಿ ರೀಲು ಇರುತ್ತಿತ್ತು. ಒಂದು ರೀಲಿಗೆ 36 ಫೋಟೊ. ಈಗ ರೀಲಿನ ಬದಲು ಒಂದು ಚಿಕ್ಕ ಕಾರ್ಡ್. ಅದರಲ್ಲಿ ಸಾವಿರಾರು ಫೋಟೊ ಹಿಡಿಯುತ್ತವೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳದೆ, ಅದರ ಮೇಲೇ ಇನ್ನೊಂದು ಮದುವೆ ತೆಗೆದರೆ ಹಳೆಯದು ಹೋಯಿತು. ಸ್ಲೇಟು ಒರೆಸಿ ಬರೆದ ಹಾಗೆ. ಆದರೆ ಅಳಿಸಿದ ಮೇಲೆ ಹೊಸದೇನೂ ತೆಗೆಯದಿದ್ದರೆ, ಕಂಪ್ಯೂಟರ್ ಬಲ್ಲವರು ಕೆಲವು ಸಲ ತಿರುಗಿ ತೆಗೆದುಕೊಡುತ್ತಾರೆ. ಅದಕ್ಕೇ ಫೋಟೊ ಹೋಗಿವೆ ಅಂತ ತಿಳಿದ ದಿನವೇ, "ಆ ಕಾರ್ಡ್ ಮುಟ್ಟಬ್ಯಾಡ, ಹಾಂಗೇ ಇಡು" ಅಂತ ಹೇಳಬೇಕು.

ರೊಕ್ಕ ತಗೊಂಡು ಕೆಲಸ ಸರಿ ಮಾಡದಿದ್ದರೆ ಅದು ಸೇವಾ ನ್ಯೂನತೆ. ಇದಕ್ಕೆ 1986ರಲ್ಲೇ ಗ್ರಾಹಕರ ಸಂರಕ್ಷಣಾ ಕಾನೂನು ಬಂತು. ಅದರ ಜಾಗದಲ್ಲಿ 2019ರ ಹೊಸ ಕಾನೂನು ಬಂದಿದೆ. 2020ರ ಜುಲೈಯಿಂದ ಅದು ಜಾರಿಯಲ್ಲಿದೆ. ಬಟ್ಟೆ, ಬೀಜ, ಗೊಬ್ಬರ ಕೊಂಡವರಷ್ಟೇ ಗ್ರಾಹಕರಲ್ಲ. ಫೋಟೊ ತೆಗೆಸಿದವರೂ ಗ್ರಾಹಕರೇ.

"ರೊಕ್ಕ ಕೊಟ್ಟವರು ನಮ್ಮಪ್ಪ. ನಾ ಹ್ಯಾಂಗ ಕೇಳಲಿ?" ಅಂತ ಹುಡುಗಿಗೆ ಅನ್ನಿಸಬಹುದು. ಅಪ್ಪ ಮಾಡಿಸಿದ ಕೆಲಸ ಅವಳಿಗಾಗಿ. ಹಾಗಾಗಿ ಅವಳೂ ದೂರು ಕೊಡಬಹುದು. ಸೊಲ್ಲಾಪುರಕ್ಕೂ ಹೋಗಬೇಕಾಗಿಲ್ಲ. ದೂರು ಕೊಡುವವರು ಎಲ್ಲಿ ಇರುತ್ತಾರೋ ಆ ಜಿಲ್ಲೆಯಲ್ಲೇ ಕೊಡಬಹುದು ಅಂತ ಹೊಸ ಕಾನೂನು ಹೇಳುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಬಹಳ ಅನುಕೂಲ. ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಕಲಬುರಗಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಮೊದಲು ಫೋಟೊದವನಿಗೆ ಕಾಗದ ಬರೆಯಿರಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಕಾಗದಕ್ಕೆ ಇರುತ್ತದೆ. ನೀವೇ ಬರೆಯಬಹುದು. ಅಕ್ಷರ ಸೊಟ್ಟಗಿದ್ದರೂ ನಡೆಯುತ್ತದೆ:

"ನಮ್ಮ ಮದುವೆ ಇಂಥ ದಿನ ಇಂಥ ಊರಲ್ಲಿ ಆಯಿತು. ನಿಮಗೆ ಇಷ್ಟು ಹಣ ಕೊಟ್ಟಿದ್ದೇವೆ. ತಾಳಿ ಕಟ್ಟಿದ ಫೋಟೊ ಕೊಟ್ಟಿಲ್ಲ. 15 ದಿನದಲ್ಲಿ ಫೋಟೊ ಕೊಡಿ, ಇಲ್ಲವೇ ಹಣ ತಿರುಗಿ ಕೊಡಿ."

ಕೆಳಗೆ ಸಹಿ ಹಾಕಿ. ಒಂದು ಝೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆಯವರು ಕೊಟ್ಟ ರಸೀದಿ ಕಳೆಯಬೇಡಿ.

ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಅವರು ರಾಜಿಗೆ ಪ್ರಯತ್ನ ಮಾಡುತ್ತಾರೆ, ಅಷ್ಟೇ. ತೀರ್ಪು ಕೊಡುವುದು ಆಯೋಗ. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಫೀ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ವಕೀಲರು ಬೇಕು ಅನ್ನಿಸಿದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಪುಕ್ಕಟೆ ನೆರವು ಸಿಗುತ್ತದೆ. ಅವರ ಫೋನ್ 15100.

ಎರಡು ವರ್ಷದೊಳಗೆ ದೂರು ಕೊಡಬೇಕು. "ಇವತ್ತು ಕೊಡತೀನಿ, ನಾಳೆ ಕೊಡತೀನಿ" ಅನ್ನುವವರ ಮಾತು ನಂಬಿ ಕೂತು ಎಷ್ಟೋ ಮಂದಿಗೆ ಈ ಗಡುವು ದಾಟುತ್ತದೆ.

ರಸೀದಿ ಇಲ್ಲದಿದ್ದರೆ ಎದೆ ಒಡೆಯಬೇಡಿ. ಫೋನಿನಿಂದ ಹಣ ಹಾಕಿದ್ದರೆ ಅದರ ಗುರುತು ಬ್ಯಾಂಕಿನಲ್ಲಿ ಇರುತ್ತದೆ. ವಾಟ್ಸ್ಆಪ್ ಮಾತು ಅಳಿಸಬೇಡಿ. ಮದುವೆ ಪತ್ರಿಕೆ ಇಡಿ. ಹಣ ಕೊಡುವಾಗ ನೋಡಿದವರನ್ನು ನೆನಪಿಡಿ.

ಆಯೋಗ ಹಣ ವಾಪಸ್ ಕೊಡಿಸಬಹುದು. ಮನಸ್ಸಿಗೆ ಆದ ನೋವಿಗೆ ಪರಿಹಾರ, ಓಡಾಟದ ಖರ್ಚು ಕೊಡಿಸಬಹುದು. ಅಜ್ಜಿಯ ಫೋಟೊ ಮಾತ್ರ ಯಾವ ಆಯೋಗವೂ ಕೊಡಿಸಲಾರದು.

ಅದಕ್ಕೇ ಮುಂದಿನ ಮದುವೆಗೆ ಮೊದಲೇ ಒಂದು ಚೀಟಿ ಬರೆಸಿ. ಯಾರು ಬರುತ್ತಾರೆ, ಯಾವ ಯಾವ ಶಾಸ್ತ್ರ ತೆಗೆಯಬೇಕು, ಎಷ್ಟು ಫೋಟೊ, ಆಲ್ಬಮ್ ಯಾವ ದಿನ, ಮುಂಗಡ ಎಷ್ಟು, ಬಾಕಿ ಎಷ್ಟು. ಇಬ್ಬರ ಸಹಿ ಇರಲಿ. ಅರ್ಧ ಹಣವನ್ನಾದರೂ ಆಲ್ಬಮ್ ಕೈಗೆ ಬಂದ ಮೇಲೆ ಕೊಡಿ. "ನಮ್ಮ ಮ್ಯಾಲ ನಂಬಿಕಿ ಇಲ್ಲೇನಕ್ಕಾ?" ಅಂತ ಕೇಳಿದರೆ, "ನಂಬಿಕಿ ಅದಪ್ಪಾ, ನೆನಪಿಗೆ ಇರ್ಲಿ" ಅನ್ನಿ.

ಫೋಟೊ ಹೋಗಿದ್ದರೆ ಇನ್ನೊಂದು ಕೆಲಸ ಮಾಡಿ. ಮದುವೆಗೆ ಬಂದ ಬೀಗರು, ಓಣಿಯವರು, ಗೆಳತಿಯರು ಎಲ್ಲರ ಫೋನಿನಲ್ಲೂ ಒಂದೆರಡು ಫೋಟೊ ಇರುತ್ತವೆ. ವಾರದೊಳಗೆ ಕೇಳಿ. ತಡವಾದರೆ ಜಾಗ ಇಲ್ಲ ಅಂತ ಅವರೂ ಅಳಿಸುತ್ತಾರೆ.