ಬೇಸ್ ಗಿಟಾರಿನ ಪಿಕಪ್: ಬದಲಿಸುವ ಮುನ್ನ ತುಸು ವಿವೇಚನೆ

ಗಿಟಾರ್ ನಮ್ಮ ಕುಟುಂಬಗಳಿಗೆ ಅಪರಿಚಿತ ವಾದ್ಯವೇನಲ್ಲ. ಚರ್ಚಿನ ಗಾಯನವೃಂದದಲ್ಲಿ, ಮದುವೆ ಮನೆಯ ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ಹಿಡಿದು ನಿಲ್ಲುವ ಯುವಕ ಯುವತಿಯರನ್ನು ನಾವೆಲ್ಲರೂ ಕಾಣುತ್ತೇವೆ. ಕೆಲವು ವರ್ಷ ನುಡಿಸಿದ ಬಳಿಕ ಅವರು ಮನೆಯಲ್ಲಿ ಒಂದು ಬೇಡಿಕೆಯನ್ನು ಮುಂದಿಡುತ್ತಾರೆ: "ಇದರ ಪಿಕಪ್ ಬದಲಿಸಬೇಕು." ಪಿಕಪ್ ಎಂದರೇನೆಂದು ತಂದೆತಾಯಿಗಳಿಗೆ ತಿಳಿಯದು. ಕೇಳುವ ಹಣವೋ ಅಲ್ಪಸ್ವಲ್ಪವಲ್ಲ. ಕೊಡುವುದು ಸರಿಯೇ, ಕೊಡದಿರುವುದು ಸರಿಯೇ? ಈ ವಾರ ಇದನ್ನು ಕುರಿತು ವಾಚಕರೊಡನೆ ವಿಚಾರ ಮಾಡಬಯಸುತ್ತೇವೆ.

ಪಿಕಪ್ ಎಂಬುದು ವಾದ್ಯದ ಕಿವಿ ಎನ್ನಬಹುದು. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರವು ಕದಲಿ, ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇಲ್ಲಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಜಾರ್ಜ್ ಬೋಶಾಂ ಎಂಬವರು ಇದನ್ನು ಗಿಟಾರಿಗೆ ಅಳವಡಿಸಿ 1937ರಲ್ಲಿ ಪೇಟೆಂಟ್ ಪಡೆದರು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಇಂದಿನ ಬಹುಪಾಲು ಬೇಸ್ ಗಿಟಾರುಗಳು ಅದರ ಸಂತತಿಯೇ.

ಕಾರ್ಯವನ್ನು ಕಂಡೊಡನೆ ಅದರ ಕಾರಣವನ್ನು ವಿಂಗಡಿಸಿ ನೋಡಬೇಕೆಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ವಾದ್ಯದ ನಾದ ಹಿತವಾಗಿಲ್ಲವೆಂದರೆ ತಪ್ಪು ಪಿಕಪ್ಪಿನದೇ ಎಂದು ಹೇಗೆ ಹೇಳುವುದು? ನಾದ ಮಂಕಾಗಿದ್ದರೆ ತಂತಿಗಳು ಹಳತಾಗಿರಬಹುದು. ಹೊಸ ತಂತಿಗಳ ಬೆಲೆ ಪಿಕಪ್ಪಿನ ಬೆಲೆಗಿಂತ ಎಷ್ಟೋ ಕಡಿಮೆ. ಗುಂಡಿ ತಿರುಗಿಸಿದಾಗ ಕರಕರ ಸದ್ದು ಬಂದರೆ ದೋಷವಿರುವುದು ಸಾಮಾನ್ಯವಾಗಿ ಆ ಗುಂಡಿಯ ಒಳಗೆ. ಒಂದು ತಂತಿ ಜೋರಾಗಿ, ಇನ್ನೊಂದು ಕ್ಷೀಣವಾಗಿ ಕೇಳಿದರೆ ಪಿಕಪ್ಪಿನ ಎತ್ತರವನ್ನು ಗಮನಿಸಬೇಕು. ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವೆ 2ರಿಂದ 3 ಮಿಲಿಮೀಟರ್ ಅಂತರವಿರಿಸುವುದು ಆರಂಭಕ್ಕೆ ತಕ್ಕ ಅಳತೆ. ತೀರ ಹತ್ತಿರವಾದರೆ ಅಯಸ್ಕಾಂತವು ತಂತಿಯನ್ನೇ ಸೆಳೆದು ಸ್ವರ ಕೆಡುತ್ತದೆ. ಇದಕ್ಕೆ ಬೇಕಾದುದು ಒಂದು ತಿರುಪುಳಿ ಮತ್ತು ಅರ್ಧ ಗಂಟೆಯ ತಾಳ್ಮೆ.

ಹೆಚ್ಚಿನವರ ದೂರು ಗುಂಯ್‌ಗುಡುವ ಸದ್ದಿನದು. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಹೊರಡುವ 'ಜಿ' ಸ್ವರದ ಕಂಪನ ಸೆಕೆಂಡಿಗೆ 49. ಆದುದರಿಂದ ಈ ಗುಂಯ್ ಸದ್ದು ವಾದ್ಯದ ಸ್ವರಗಳ ನಡುವೆಯೇ ಬಂದು ಕುಳಿತುಕೊಳ್ಳುತ್ತದೆ. ಸ್ವರವನ್ನು ಉಳಿಸಿ ಇದನ್ನು ಮಾತ್ರ ಸೋಸಿ ತೆಗೆಯುವುದು ಕಷ್ಟಸಾಧ್ಯ.

ಇದರ ಮೂಲವನ್ನು ಮನೆಯಲ್ಲೇ ಪರೀಕ್ಷಿಸಬಹುದು. ವಾದ್ಯದ ಧ್ವನಿಯನ್ನು ಪೂರ್ತಿ ಇಳಿಸಿದ ಮೇಲೂ ಸದ್ದು ಉಳಿದರೆ ದೋಷವನ್ನು ಕೇಬಲಿನಲ್ಲೋ ಆಂಪ್ಲಿಫೈಯರಿನಲ್ಲೋ ಹುಡುಕಬೇಕು. ತಂತಿಯನ್ನು ಮುಟ್ಟಿದಾಗ ಸದ್ದು ಇಳಿದರೆ ಒಳಗಿನ ರಕ್ಷಾಕವಚ ಸಾಲದೆಂದು ಅರ್ಥ. ಪೊಳ್ಳು ಭಾಗಕ್ಕೆ ತಾಮ್ರದ ಹಾಳೆ ಅಂಟಿಸಿ ಅದನ್ನು ಅರ್ಥ್ ವಯರಿಗೆ ಜೋಡಿಸಿದರೆ ಬಹಳಷ್ಟು ತಗ್ಗುತ್ತದೆ. ನಿಂತಲ್ಲೇ ತಿರುಗಿದಾಗ ಸದ್ದು ಏರಿಳಿದರೆ ಮಾತ್ರ ಒಂಟಿ ಸುರುಳಿಯ ಪಿಕಪ್ಪೇ ಅದನ್ನು ಹಿಡಿಯುತ್ತಿದೆ ಎನ್ನಬಹುದು. ಅಲ್ಲಿ ಬದಲಾವಣೆಗೆ ನ್ಯಾಯವಾದ ಕಾರಣವಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗುಂಯ್ ಸದ್ದನ್ನು ನಿಲ್ಲಿಸಲೆಂದು ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತುಹಾಕುವ ಸಾಹಸವನ್ನು ಯಾರೂ ಎಂದಿಗೂ ಮಾಡಕೂಡದು. ವಾದಕನ ಬೆರಳಿರುವ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ತುಟಿಯ ಬಳಿ ಮೈಕ್ ಇರುತ್ತದೆ. ಇವೆರಡರ ನಡುವೆ ನಿಂತವನೇ ವಿದ್ಯುತ್ತಿಗೆ ದಾರಿಯಾಗಬಲ್ಲನು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಸರಿಯಾದ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ಅಸುನೀಗಿದರು. ಸಭಾಂಗಣದ ಅರ್ಥಿಂಗ್ ಸರಿಯಿಲ್ಲವಾದರೆ ಎಲೆಕ್ಟ್ರೀಷಿಯನ್ನರನ್ನು ಕರೆಸಬೇಕು. ಆ ಕೆಲಸ ಮುಗಿಯುವವರೆಗೆ ಪಿಕಪ್ಪಿನ ಮಾತು ಬೇಡ.

ಪಿಕಪ್ಪನ್ನು ಬದಲಿಸುವುದೇ ಸರಿಯೆಂದು ನಿಶ್ಚಯವಾದರೆ ಅದರ ಜಾತಿಗಳನ್ನು ಅರಿಯಬೇಕು. 1957ರಲ್ಲಿ ಪ್ರಿಸಿಷನ್ ಬೇಸಿನ ಪಿಕಪ್ಪನ್ನು ಎರಡು ತುಂಡಾಗಿಸಿ, ಎರಡೆರಡು ತಂತಿಗಳಿಗೆ ಒಂದೊಂದನ್ನು ಇಟ್ಟು, ಒಂದರ ಸುತ್ತೂ ಅಯಸ್ಕಾಂತವೂ ಇನ್ನೊಂದಕ್ಕೆ ವಿರುದ್ಧವಾಗಿರುವಂತೆ ಮಾಡಿದರು. ಎರಡು ಸುರುಳಿಗಳು ಹಿಡಿದ ಗುಂಯ್ ಸದ್ದು ಪರಸ್ಪರ ರದ್ದಾಗಿ ಸ್ವರ ಮಾತ್ರ ಉಳಿಯಿತು. 1960ರಲ್ಲಿ ಬಂದ 'ಜಾಝ್ ಬೇಸ್' ವಾದ್ಯದಲ್ಲಿ ಎರಡು ಒಂಟಿ ಸುರುಳಿಯ ಪಿಕಪ್ಪುಗಳಿವೆ. ಎರಡನ್ನೂ ಸಮನಾಗಿ ತೆರೆದರೆ ಸದ್ದು ಅಡಗುವ ಏರ್ಪಾಡು ಇಂದಿನ ಜೋಡಿಗಳಲ್ಲಿ ಸಾಮಾನ್ಯ. ಒಂದನ್ನು ಇಳಿಸಿದರೆ ಸದ್ದು ಮರಳುತ್ತದೆ. ಒಂದನ್ನೇ ಬಳಸುವ ವಾದಕನಿಗೆ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿದ ಮೌನ ಪಿಕಪ್ಪುಗಳು ಈಗ ಅದೇ ಅಳತೆಯಲ್ಲಿ ದೊರೆಯುತ್ತವೆ.

ಕೊಳ್ಳುವ ಮುನ್ನ ಹಳೆಯದನ್ನು ಕಳಚಿ ಅಳೆಯಬೇಕು. ಜಾಝ್ ಬೇಸಿನ ಮೂಲ ಮಾದರಿಯಲ್ಲಿ ಬ್ರಿಡ್ಜ್ ಬಳಿಯ ಪಿಕಪ್ಪು ಇನ್ನೊಂದಕ್ಕಿಂತ ತುಸು ಉದ್ದ. ಆದರೆ ಕೆಲವು ವಾದ್ಯಗಳಲ್ಲಿ ಎರಡೂ ಒಂದೇ ಅಳತೆಯವು. ಓಮ್ ಲೆಕ್ಕವನ್ನು ನೋಡಿ 'ಹೆಚ್ಚು ಓಮ್, ಹೆಚ್ಚು ಶಕ್ತಿ' ಎನ್ನುವುದು ಅರ್ಧ ಸತ್ಯ. ಪ್ರಿಸಿಷನ್ ಬಗೆಯದಕ್ಕೆ 10ರಿಂದ 11 ಕಿಲೋ ಓಮ್, ಜಾಝ್ ಬಗೆಯದಕ್ಕೆ 7ರಿಂದ 8 ಕಿಲೋ ಓಮ್ ಸಾಮಾನ್ಯ. ತಾಮ್ರದ ಎಳೆಯ ದಪ್ಪ ಹಾಗೂ ಅಯಸ್ಕಾಂತದ ಬಲ ಬೇರೆಯಾದರೆ ಈ ಅಂಕೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಬ್ಯಾಟರಿಯಿಂದ ನಡೆಯುವ 'ಆಕ್ಟಿವ್' ಪಿಕಪ್ಪು ಬಹಳ ನಿಶ್ಶಬ್ದವಾದುದು. ಆದರೆ ಅದಕ್ಕೆ 9 ವೋಲ್ಟಿನ ಬ್ಯಾಟರಿ ಇಡಲು ಜಾಗ ಬೇಕು. ಸಾಮಾನ್ಯವಾಗಿ 250 ಕಿಲೋ ಓಮಿನ ಗುಂಡಿಗಳ ಸ್ಥಾನದಲ್ಲಿ 25 ಕಿಲೋ ಓಮಿನವನ್ನು ಹಾಕಬೇಕು. ಈ ಖರ್ಚನ್ನೂ ಬೆಸುಗೆಯ ಕೂಲಿಯನ್ನೂ ಮೊದಲೇ ಲೆಕ್ಕ ಹಾಕುವುದು ಲೇಸು.

ಇಷ್ಟಾದರೂ ಪಿಕಪ್ಪಿನಿಂದ ಸಾಧ್ಯವಾಗದ ಸಂಗತಿಗಳುಂಟು. ನೆಕ್ಕಿನ ಕಡೆ ಇರುವ ಪಿಕಪ್ಪು ತಂತಿಯ ಗಂಭೀರ ನಾದವನ್ನು ಹಿಡಿಯುತ್ತದೆ. ಬ್ರಿಡ್ಜ್ ಕಡೆಯದು ಚುರುಕಾದ, ಮೊನಚಾದ ನಾದವನ್ನು ಹಿಡಿಯುತ್ತದೆ. ಎಷ್ಟು ಬೆಲೆಯದನ್ನು ತಂದು ಕೂರಿಸಿದರೂ ಅದೇ ಕುಳಿಯಲ್ಲಿ ಕುಳಿತು ಅದು ಇನ್ನೊಂದು ಜಾಗದ ನಾದವನ್ನು ಕೇಳಲಾರದು. ಡೆಟ್ರಾಯಿಟ್ ನಗರದ ಮೋಟೌನ್ ಸ್ಟುಡಿಯೋದಲ್ಲಿ ದುಡಿದ ಜೇಮ್ಸ್ ಜೇಮರ್ಸನ್ ಅವರ ಸುಪ್ರಸಿದ್ಧ ನಾದ 1962ರ ಪ್ರಿಸಿಷನ್ ಬೇಸಿನಿಂದ ಹೊಮ್ಮಿತು. ಅವರು ನಯವಾದ ಹೊರಮೈಯ ತಂತಿಗಳನ್ನು ಹಾಕಿ, ಅಪರೂಪಕ್ಕೂ ಬದಲಿಸದೆ, ಬ್ರಿಡ್ಜಿನ ಮುಚ್ಚಳದಡಿ ಸ್ಪಂಜು ತುರುಕಿ, ಒಂದೇ ಬೆರಳಿನಿಂದ ನುಡಿಸುತ್ತಿದ್ದರು. ಅದೇ 1962ರ ಜಾಝ್ ಬೇಸೊಂದನ್ನು ಫ್ರೆಟ್ಟುಗಳಿಲ್ಲದೆ ನುಡಿಸುತ್ತಿದ್ದ ಜಾಕೋ ಪಾಸ್ಟೋರಿಯಸ್ ಅವರು ಬ್ರಿಡ್ಜ್ ಬಳಿಯ ಪಿಕಪ್ಪನ್ನೇ ನೆಚ್ಚಿಕೊಂಡು ಹಾಡುವಂಥ ನಾದವನ್ನು ತೆಗೆದರು. ಅವರ ಹೆಸರಿಗೆ ಹೊಂದುವ ಪಿಕಪ್ಪನ್ನು ಅಂಗಡಿಯಲ್ಲಿ ಕೊಳ್ಳಬಹುದು. ಅವರ ಬೆರಳುಗಳು ಅಲ್ಲಿ ದೊರೆಯವು.

ಹಾಗೆಂದು ಮಕ್ಕಳ ಬೇಡಿಕೆಯನ್ನು ಒಮ್ಮೆಲೇ ತಳ್ಳಿಹಾಕುವುದೂ ವಿವೇಕವಲ್ಲ. ಹಲವು ವರ್ಷ ಒಂದೇ ವಾದ್ಯವನ್ನು ನುಡಿಸಿದವರಿಗೆ ಅದರ ಕೊರತೆ ನಿಜವಾಗಿಯೂ ಕೇಳಿಸುತ್ತದೆ. ನಮ್ಮ ಕಿವಿಗೆ ಕೇಳಿಸದಿರಬಹುದು. "ಯಾವ ಕಂಪೆನಿಯದು ಬೇಕು?" ಎಂದು ಕೇಳುವ ಬದಲಾಗಿ "ಈಗ ಕೇಳುತ್ತಿರುವುದರಲ್ಲಿ ಏನು ಸಾಲದು?" ಎಂದು ಕೇಳಿರಿ. ಅವರು ಅದನ್ನು ತಮ್ಮ ಮಾತಿನಲ್ಲಿ ವಿವರಿಸಲಿ, ನುಡಿಸಿ ತೋರಿಸಲಿ. ಹೊಸ ತಂತಿ ಹಾಕಿ, ಎತ್ತರ ಹೊಂದಿಸಿ, ಒಂದು ತಿಂಗಳು ನುಡಿಸಿದ ಬಳಿಕವೂ ಅದೇ ಕೊರತೆ ಉಳಿದಿದ್ದರೆ ಹಣವನ್ನು ಸಂತೋಷದಿಂದ ಕೊಡಿರಿ. ತೆಗೆದ ಹಳೆಯ ಪಿಕಪ್ಪನ್ನು ಮಾತ್ರ ಎಸೆಯದೆ, ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಡುವುದು ಒಳ್ಳೆಯದು. ವಾದ್ಯವನ್ನು ಮುಂದೆ ಮಾರುವಾಗ, ಅಥವಾ ಮೊದಲಿನ ನಾದವೇ ಮತ್ತೆ ಬೇಕೆನಿಸಿದಾಗ, ಅದರ ನೆನಪಾಗುತ್ತದೆ.