ಸೇವೆ ಮುಗಿದ ಮೇಲೆ ಮನೆ

ಕುಣಿಗಲ್ಲಿಗೂ ಮಾಗಡಿಗೂ ನಡುವೆ ಸಂಚರಿಸುವವರಿಗೆ ಹುತ್ರಿದುರ್ಗದ ಬೆಟ್ಟವು ಬಹು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡಿರುವ ಈ ಗಿರಿದುರ್ಗವು 1791ರ ಡಿಸೆಂಬರಿನಲ್ಲಿ, ಸಾವನದುರ್ಗವು ಬಿದ್ದ ಕೆಲವೇ ದಿನಗಳಲ್ಲಿ, ಇಂಗ್ಲಿಷರ ವಶವಾಯಿತು. ಆ ಸೈನ್ಯದೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮನು ಈ ಬೆಟ್ಟದ ಚಿತ್ರವನ್ನು ಬರೆದು, 1794ರಲ್ಲಿ ತನ್ನ ಮೈಸೂರು ದೃಶ್ಯಗಳ ಪುಸ್ತಕದಲ್ಲಿ ಅಚ್ಚು ಹಾಕಿಸಿದನು. ಅದಾಗಿ ಅರ್ಧ ಶತಮಾನ ತುಂಬುವುದರೊಳಗೆ ಇದೇ ಸೀಮೆಗೆ ಮತ್ತೊಂದು ಬಗೆಯ ಪರದೇಶೀಯರು ಬಂದರು. ಅವರ ಕೈಯಲ್ಲಿ ಕೋವಿಯಿರಲಿಲ್ಲ, ಪುಸ್ತಕವಿತ್ತು. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹೂಡಿದರು.

ಮಿಷನರಿಗಳು ಬಂದುದನ್ನು ಕುರಿತು, ಅವರು ಮಾಡಿದುದನ್ನು ಕುರಿತು ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ಬರೆದಿದ್ದಾರೆ. ಅವರು ಹಿಂದಿರುಗಿದುದನ್ನು ಕುರಿತು ಬರೆದವರು ಕಡಮೆ. ಸೇವೆಯೆಂದು ಊರು ಬಿಟ್ಟು ಹೊರಟ ಗಂಡಹೆಂಡಿರು ಆ ಕೆಲಸ ಮುಗಿದ ದಿನ ಏನಾಗುತ್ತಾರೆ? ಅವರನ್ನು ಕಾಯುತ್ತಿದ್ದ ಮನೆಯು ಅವರನ್ನು ಗುರುತಿಸುತ್ತದೆಯೆ? ಈ ಪ್ರಶ್ನೆ ಯಾವ ಒಂದು ಮತಕ್ಕೆ ಮಾತ್ರ ಸೇರಿದುದಲ್ಲ. ಆದರೆ ಮಿಷನರಿಗಳ ಬಾಳಿನಲ್ಲಿ ಇದು ಎದ್ದು ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು.

ಗುಬ್ಬಿಯಿಂದ ಹೊರಟವರು

ಹಾಡ್ಸನ್ನರು ಗುಬ್ಬಿಗೆ ಬಂದ ಎರಡು ವರ್ಷಗಳ ತರುವಾಯ, 1839ರಲ್ಲಿ, ಇಪ್ಪತ್ತು ವರ್ಷದ ಐರಿಷ್ ತರುಣ ವಿಲಿಯಂ ಆರ್ಥರ್ ಅಲ್ಲಿಗೆ ಬಂದು ಸೇರಿದನು. ಕನ್ನಡ ಕಲಿಯುವ ಉತ್ಸಾಹ ಅವನಿಗೆ ಅಪಾರ. ಆದರೆ ದೇಹ ಒಪ್ಪಲಿಲ್ಲ. ಅದರಲ್ಲಿಯೂ ಕಣ್ಣು ಕೈಕೊಟ್ಟಿತು. 1841ರಲ್ಲಿಯೇ ಅವನು ಸ್ವದೇಶಕ್ಕೆ ಮರಳಬೇಕಾಯಿತು. ಅಷ್ಟು ಅಲ್ಪಕಾಲ ಇದ್ದವನು ಅದನ್ನು ಮರೆತು ಸುಮ್ಮನಾಗಬಹುದಿತ್ತು. ಅವನು ಹಾಗೆ ಮಾಡಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ಜನಜೀವನವನ್ನು ವರ್ಣಿಸುವ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಮುಂದೆ ತನ್ನ ಸಭೆಯ ಮಿಷನ್ ಸಂಘಕ್ಕೆ ಕಾರ್ಯದರ್ಶಿಯಾಗಿ, 1866ರಲ್ಲಿ ಮೆಥಡಿಸ್ಟ್ ಸಮ್ಮೇಳನಕ್ಕೆ ಅಧ್ಯಕ್ಷನಾಗಿ ಹೆಸರು ಪಡೆದು, 1901ರಲ್ಲಿ ತೀರಿಕೊಂಡನು. ಗುಬ್ಬಿಯಲ್ಲಿ ಕಳೆದುದು ಎರಡು ವರ್ಷ. ಅದರ ನೆನಪಿನೊಡನೆ ಬಾಳಿದುದು ಅರುವತ್ತು ವರ್ಷ.

ಹಾಡ್ಸನ್ನರ ಬಗೆ ಬೇರೆ. ಅವರು ಈ ನಾಡಿನ ಕೆಲಸದಲ್ಲಿಯೇ ಮುದುಕರಾದರು. 1859ರಲ್ಲಿ ಕನ್ನಡದ ಪ್ರಾಥಮಿಕ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಬೆಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಗುಬ್ಬಿಗೆ ಕಾಲಿಟ್ಟ ನಲವತ್ತು ವರ್ಷಗಳ ಮೇಲೆ, 1877ರಲ್ಲಿ, ಲಂಡನ್ನಿನಲ್ಲಿ ಅವರ ಮತ್ತೊಂದು ಪುಸ್ತಕ ಹೊರಬಂದಿತು. ಅದರ ವಸ್ತು ರಾಜರಲ್ಲ, ಪಂಡಿತರಲ್ಲ. ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾಗಿ ದಾನಿಯೇಲನೆಂಬ ಹೆಸರು ತಳೆದ ಒಬ್ಬ ಹಳ್ಳಿಗನ ಚರಿತ್ರೆ, ಅದರೊಡನೆ ಸುತ್ತಣ ಹಳ್ಳಿಗಳ ಬಾಳಿನ ವರ್ಣನೆ. ಎಪ್ಪತ್ತು ದಾಟಿದ ಮನುಷ್ಯನು ಬರೆಯಲು ಕುಳಿತಾಗ ಕೈಗೆ ಮೊದಲು ಸಿಕ್ಕಿದುದು ತನ್ನ ಹುಟ್ಟೂರಲ್ಲ, ಗುಬ್ಬಿಯ ಹಳ್ಳಿ. ಹಿಂದಿರುಗುವವರ ಮೊದಲನೆಯ ಕಷ್ಟ ಇದೇ: ದೇಹವು ಮನೆಯ ಬಾಗಿಲು ತಲಪಿದ ಮೇಲೂ ಮನಸ್ಸು ಬಹುಕಾಲ ದಾರಿಯಲ್ಲಿಯೇ ಇರುತ್ತದೆ.

ಮಕ್ಕಳು ತೆತ್ತ ಬೆಲೆ

ಎರಡನೆಯ ಕಷ್ಟವನ್ನು ತಿಳಿಯಲು ತುಮಕೂರು ಸೀಮೆಯಿಂದ ಘಟ್ಟದ ಕೆಳಗೆ ಇಳಿಯಬೇಕು. ಮಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡಿದ್ದ ಬಾಸೆಲ್ ಮಿಷನ್ನಿನ ಕುಟುಂಬಗಳ ಚರಿತ್ರೆಯಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಆ ಕಾಲದಲ್ಲಿ ಮಿಷನರಿ ದಂಪತಿಗಳ ಮಕ್ಕಳು ಇಲ್ಲಿಯ ಹವೆಯಲ್ಲಿ ಬೆಳೆಯಬಾರದು, ಐರೋಪ್ಯ ವಿದ್ಯೆ ಕಲಿಯಬೇಕು ಎಂಬ ಅಭಿಪ್ರಾಯ ಬಲವಾಗಿತ್ತು. 1853ರಲ್ಲಿ ಬಾಸೆಲ್ ನಗರದಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ನಿಲಯ ತೆರೆಯಿತು. ಆರೇಳು ವರ್ಷದ ಕೂಸುಗಳನ್ನು ಹಡಗು ಹತ್ತಿಸಿ ಕಳುಹಿಸಿಬಿಡುವುದು. ಮತ್ತೆ ಕಂಡರೆ ಎಷ್ಟೋ ವರ್ಷಗಳ ಮೇಲೆ. ಸೇವೆ ಮಾಡಿದವರು ತಂದೆತಾಯಿಗಳು, ಅದರ ಬೆಲೆಯಲ್ಲಿ ದೊಡ್ಡ ಪಾಲು ತೆತ್ತವರು ಆ ಮಕ್ಕಳು.

ಮಲೆಯಾಳಂ ನಿಘಂಟಿನ ಕರ್ತೃವೆಂದು ಪ್ರಸಿದ್ಧರಾದ ಹೆರ್ಮನ್ ಗುಂಡರ್ಟರೂ ಅವರ ಪತ್ನಿ ಜೂಲಿಯೂ ಈ ಮಾತಿಗೆ ನಿದರ್ಶನ. ಅವರ ಮಗಳು ಮರೀ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದವಳು. ದಂಪತಿಗಳು ಒಮ್ಮೆ ಯೂರೋಪಿಗೆ ಹೋಗಿ ಹಿಂದಿರುಗುವಾಗ ಆ ಎಳೆಯ ಮಗುವನ್ನು ಅಲ್ಲಿಯೇ ಬಿಟ್ಟು ಬಂದರು. ಮಗಳು ಮತ್ತೆ ಭಾರತದಲ್ಲಿ ತಾಯಿತಂದೆಯರನ್ನು ಕೂಡಿಕೊಂಡಾಗ ಇಸವಿ 1857; ಅವಳಿಗೆ ಹದಿನೈದು ವರ್ಷ. ಆ ಮಿಲನಕ್ಕೆ ಎರಡು ವರ್ಷವಾಗುವಷ್ಟರಲ್ಲಿ, 1859ರಲ್ಲಿ, ತಂದೆ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದರು. ಮರುವರ್ಷ ತಾಯಿಯೂ ಹೊರಟರು. ಈ ಮರೀಯೇ ಮುಂದೆ, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹೆರ್ಮನ್ ಹೆಸ್ಸೆಯ ತಾಯಿಯಾದವಳು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗರ ಹಿಂದಿರುಗುವಿಕೆಯೂ ಹೆಂಡತಿಯ ಕಾರಣದಿಂದಲೇ ಆದುದು. ಅವರು ಬಹುಕಾಲ ಅವಿವಾಹಿತರಾಗಿದ್ದು, ತಮ್ಮ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗಲರು 1855ರಲ್ಲಿ ತೀರಿಕೊಂಡ ತರುವಾಯ ಅವರ ವಿಧವೆ ಪೌಲಿನ್ ಅವರನ್ನು ಕೈಹಿಡಿದರು. ಆಗ ಮೋಗ್ಲಿಂಗರ ಮನಸ್ಸೆಲ್ಲ ಕೊಡಗಿನ ಕೆಲಸದಲ್ಲಿ ನೆಟ್ಟಿತ್ತು. 1860ರಲ್ಲಿ ಪೌಲಿನ್ನರ ಕಾಯಿಲೆ ಹೆಚ್ಚಿ, ದಂಪತಿಗಳು ಜರ್ಮನಿಗೆ ಹೊರಟರು. 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ಮೋಗ್ಲಿಂಗರು ಕಣ್ಮುಚ್ಚಿದರು. ಮತ್ತೆ ಕೊಡಗನ್ನು ಕಾಣಲಿಲ್ಲ. ತಾನೇ ಕಟ್ಟಿದ ಕೆಲಸವನ್ನು ನಡುವೆ ಬಿಟ್ಟು, ಹೆಂಡತಿಯ ಪ್ರಾಣವೇ ಮೊದಲೆಂದು ಹಡಗು ಹತ್ತಿದುದು ಸಣ್ಣ ತ್ಯಾಗವೆಂದು ಯಾರು ಹೇಳಬಲ್ಲರು?

ಇದಕ್ಕೆ ವಿರುದ್ಧವಾದ ದಾರಿ ಹಿಡಿದವರು ಫರ್ಡಿನಂಡ್ ಕಿಟ್ಟೆಲ್. ಅವರು 1877ರಲ್ಲಿ ಸಂಸಾರದೊಡನೆ ಜರ್ಮನಿಗೆ ಮರಳಿದ್ದರು. ಆದರೆ ಕೈಯಲ್ಲಿದ್ದ ಕನ್ನಡ ನಿಘಂಟು ಮುಗಿದಿರಲಿಲ್ಲ. ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು 1883ರಲ್ಲಿ ಒಬ್ಬರೇ ಮತ್ತೆ ಕನ್ನಡನಾಡಿಗೆ ಬಂದು, 1892ರವರೆಗೆ ಇಲ್ಲಿ ದುಡಿದರು. 1894ರಲ್ಲಿ ನಿಘಂಟು ಪ್ರಕಟವಾಯಿತು. ಸಾವಿರದ ಏಳುನೂರಕ್ಕೆ ಮೀರಿದ ಪುಟಗಳ ಆ ಗ್ರಂಥವನ್ನು ಕನ್ನಡಿಗರು ಇಂದಿಗೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅದರ ಪುಟ ತಿರುವುವಾಗ, ಒಂಬತ್ತು ವರ್ಷ ಗಂಡನಿಲ್ಲದ ಮನೆಯನ್ನು ನಡೆಸಿದ ಜೂಲಿ ಕಿಟ್ಟೆಲ್ ಎಂಬ ಗೃಹಿಣಿಗೂ ಅದರಲ್ಲಿ ಪಾಲುಂಟೆಂಬುದನ್ನು ನೆನೆಯುವವರು ಎಷ್ಟು ಮಂದಿ?

ಇನ್ನು ಹಿಂದಿರುಗದೆಯೇ ಉಳಿದವರೂ ಉಂಟು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, ಐವತ್ತು ವರ್ಷ ದುಡಿದು, 1887ರಲ್ಲಿ ಅಲ್ಲಿಯೇ ಮಣ್ಣಾದರು. ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯ ದೇವಾಲಯ ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನಲ್ಲಿಯೇ ಹುಟ್ಟಿ, ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿಕೊಟ್ಟ ಅವರ ಮಗ ಲೂಯಿ ರೈಸರು ಮಾತ್ರ ನಿವೃತ್ತರಾದ ಮೇಲೆ 1906ರಲ್ಲಿ ಇಂಗ್ಲೆಂಡಿಗೆ ಹೋಗಿ, 1927ರಲ್ಲಿ ಅಲ್ಲಿ ತೀರಿಕೊಂಡರು. ತಂದೆಗೆ ಪರದೇಶವೇ ಮನೆಯಾಯಿತು. ಮಗನು ಹುಟ್ಟಿದೂರನ್ನು ಬಿಟ್ಟು ‘ಸ್ವದೇಶ’ಕ್ಕೆ ಹೋದನು. ಯಾವುದು ಮನೆ, ಯಾವುದು ಪರಸ್ಥಳ?

ಅವಧಿಯುಳ್ಳ ಸೇವೆ

ಕಾಲ ಬದಲಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡು, ವೆಸ್ಲಿಯನ್ ಮತ್ತು ಲಂಡನ್ ಮಿಷನ್ನುಗಳು ಕಟ್ಟಿದ ಸಭೆಗಳು ಅದರಲ್ಲಿ ಸೇರಿದವು. ಕೆಲಸವು ಈ ನಾಡಿನವರದೇ ಕೈಗೆ ಬಂದಿತು. ಜೀವಮಾನವಿಡೀ ಪರದೇಶದಲ್ಲಿರುವ ಮಿಷನರಿಯ ಬದಲಿಗೆ, ಇಂತಿಷ್ಟು ತಿಂಗಳೆಂದು ಗೊತ್ತುಮಾಡಿಕೊಂಡು ಹೊರಡುವ ಹಿರಿಯ ದಂಪತಿಗಳನ್ನು ಇಂದು ಕೆಲವು ಸಭೆಗಳಲ್ಲಿ ಕಾಣುತ್ತೇವೆ.

ಈ ಪದ್ಧತಿ ಅತ್ಯಂತ ವ್ಯವಸ್ಥಿತವಾಗಿರುವುದು ಮಾರ್ಮನರೆಂದು ಜನ ಕರೆಯುವ ‘ಲ್ಯಾಟರ್ ಡೇ ಸೇಂಟ್ಸ್’ ಸಭೆಯಲ್ಲಿ. ಅಮೆರಿಕದ ಯೂಟಾ ಪ್ರಾಂತ್ಯದ ಸಾಲ್ಟ್ ಲೇಕ್ ನಗರ ಅದರ ಮುಖ್ಯಸ್ಥಾನ. 1993ರಿಂದ ಬೆಂಗಳೂರಿನಲ್ಲಿಯೂ ಅದರ ಮಿಷನ್ ಒಂದಿದೆ. 2018ರಲ್ಲಿ ಆ ನಗರಕ್ಕೆ ಒಂದು ದೇವಾಲಯವನ್ನು ಘೋಷಿಸಿ, 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆ ನೆರವೇರಿಸಿದರು. ಮನೆಯಲ್ಲಿ ಸಾಕಬೇಕಾದ ಮಕ್ಕಳಿಲ್ಲದ ಹಿರಿಯ ದಂಪತಿಗಳು ತಮ್ಮ ಸ್ವಂತ ಖರ್ಚಿನಲ್ಲಿ ಆರು ತಿಂಗಳಿಂದ ಇಪ್ಪತ್ತಮೂರು ತಿಂಗಳವರೆಗೆ ಸೇವೆಗೆ ಹೋಗುತ್ತಾರೆ. ಬೋಧನೆಯೊಂದೇ ಅವರ ಕೆಲಸವಲ್ಲ. ಕಚೇರಿಯ ಲೆಕ್ಕ, ಪರೋಪಕಾರದ ಕಾರ್ಯ, ವಂಶಾವಳಿಯ ದಾಖಲೆ, ತರುಣ ಮಿಷನರಿಗಳ ಯೋಗಕ್ಷೇಮ ಇವೆಲ್ಲ ಅವರ ಪಾಲಿಗೆ ಬರುತ್ತವೆ. ಅವಧಿ ಮುಗಿದು ಊರಿಗೆ ಬಂದಾಗ ಸಭೆಯ ಹಿರಿಯರು ಅವರನ್ನು ಕ್ರಮವಾಗಿ ಕರ್ತವ್ಯದಿಂದ ಬಿಡುಗಡೆ ಮಾಡುತ್ತಾರೆ. ದಂಪತಿಗಳು ತಾವು ಮಾಡಿದುದನ್ನು ಸಭೆಯ ಮುಂದೆ ನಿವೇದಿಸುತ್ತಾರೆ. ಇದು ಹೊಸದಲ್ಲ. ಪೌಲನೂ ಬಾರ್ನಬನೂ ತಮ್ಮ ಮೊದಲ ಯಾತ್ರೆ ಮುಗಿಸಿ ಅಂತಿಯೋಕ್ಯಕ್ಕೆ ಮರಳಿ, ಸಭೆ ಕೂಡಿಸಿ ನಡೆದುದನ್ನೆಲ್ಲ ತಿಳಿಸಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ.

ಹಡಗಿನ ಕಾಲದ ಕಷ್ಟಗಳು ಇವರಿಗಿಲ್ಲ, ನಿಜ. ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಟೆಲಿಫೋನಿನಲ್ಲಿ ಮೊಮ್ಮಗುವಿನ ಮುಖವನ್ನೇ ನೋಡಬಹುದು. ಆದರೂ ಮೂಲದ ತೊಡಕು ಉಳಿದೇ ಇದೆ. ಹಿಂದೆ ತಾಯಿತಂದೆಯರು ಮಕ್ಕಳ ಬಾಲ್ಯವನ್ನು ಕಳೆದುಕೊಂಡರು. ಇಂದಿನವರು ಮೊಮ್ಮಕ್ಕಳ ಬಾಲ್ಯದಲ್ಲಿ ಒಂದು ತುಂಡನ್ನು ಕಳೆದುಕೊಳ್ಳುತ್ತಾರೆ. ಹದಿನೆಂಟು ತಿಂಗಳು ಅರುವತ್ತೈದರ ಮುದುಕನಿಗೆ ಏನೂ ಅಲ್ಲ. ಅಂಬೆಗಾಲಿಡುತ್ತಿದ್ದ ಕೂಸಿಗೆ ಅದೊಂದು ಯುಗ. ಅಷ್ಟರಲ್ಲಿ ಅದು ನಡೆಯಲು ಕಲಿತು, ಮಾತು ಕಲಿತು, ಅಜ್ಜಿಯನ್ನು ಕಂಡು ತಾಯಿಯ ಸೆರಗಿನ ಹಿಂದೆ ಅಡಗಲೂ ಕಲಿತಿರುತ್ತದೆ.

ಹಿಂದಿರುಗುವವರ ಕೆಲಸ

ನಮ್ಮ ತುಮಕೂರು ಸೀಮೆಯ ಸಭಾಪಾಲಕರ ಮನೆಗಳಲ್ಲಿಯೂ ಇದೇ ಚಿತ್ರದ ಇನ್ನೊಂದು ಮುಖ ಕಾಣುತ್ತದೆ. ಕೆಲವು ವರ್ಷಗಳಿಗೊಮ್ಮೆ ಊರಿಂದೂರಿಗೆ ವರ್ಗವಾಗುತ್ತ, ಸಭೆಯು ಕೊಟ್ಟ ಮನೆಯಲ್ಲಿ ಬಾಳಿದ ದಂಪತಿಗಳು ನಿವೃತ್ತಿಯ ದಿನ ಆ ಮನೆಯನ್ನು ಬಿಟ್ಟು ಹೊರಬರುತ್ತಾರೆ. ನಿನ್ನೆಯವರೆಗೆ ಬಾಗಿಲು ತಟ್ಟುವವರಿಗೆ ಲೆಕ್ಕವಿರಲಿಲ್ಲ: ಮದುವೆಯ ಸುದ್ದಿ, ಸಾವಿನ ಸುದ್ದಿ, ಜಗಳದ ಪಂಚಾಯತಿ. ಇಂದು ಮಗನ ಮನೆಯ ಒಂದು ಕೋಣೆ, ನಿಶ್ಶಬ್ದ.

ಈ ಘಟ್ಟದಲ್ಲಿ ಗಂಡನಿಗಿಂತ ಹೆಂಡತಿಗೇ ಹೆಚ್ಚು ನಷ್ಟವೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಸೇವೆಯ ದಿನಗಳಲ್ಲಿ ಇಬ್ಬರೂ ಒಂದೇ ಕೆಲಸದ ಜೊತೆಗಾರರು. ಒಟ್ಟಿಗೆ ಹೊರಟು, ಒಟ್ಟಿಗೆ ಮರಳುವವರು. ಊರಿಗೆ ಬಂದ ಮರುದಿನವೇ ಆತ ಜಗುಲಿಗೂ ಆಕೆ ಅಡಿಗೆಮನೆಗೂ ಹಂಚಿಹೋಗುತ್ತಾರೆ. ನಲವತ್ತು ವರ್ಷದ ದಾಂಪತ್ಯದಲ್ಲಿ ದೊರಕಿದ್ದ ಒಂದು ಸರಿಸಮಾನವಾದ ಸಖ್ಯವನ್ನು ಹೀಗೆ ಕೈಬಿಡುವುದು ಅವಿವೇಕ. ಸೇವೆಯಲ್ಲಿ ಗಳಿಸಿದುದನ್ನೆಲ್ಲ ಅಲ್ಲಿಯೇ ಬಿಟ್ಟು ಬರಬೇಕಾಗಿಲ್ಲ. ಇದೊಂದನ್ನು ಮನೆಗೆ ತರಬಹುದು.

ಮತ್ತೊಂದು ಮಾತು. ಬಂದವರಿಗೆ ಹೇಳಬೇಕೆಂಬ ಆತುರ ಸಹಜ. ಆದರೆ ಮನೆಯಲ್ಲಿದ್ದವರಿಗೂ ಹೇಳುವುದಿರುತ್ತದೆ. ಯಾರಿಗೆ ಕಾಯಿಲೆಯಾಯಿತು, ಯಾರ ಕೆಲಸ ಹೋಯಿತು, ಯಾವ ಹಬ್ಬ ಹೇಗೆ ಕಳೆಯಿತು ಎಂಬುದು ಅವರ ಪಾಲಿನ ಯಾತ್ರೆ. ಮೊದಲು ಅದನ್ನು ಕೇಳಿದವರಿಗೆ, ಆಮೇಲೆ ತಮ್ಮದನ್ನು ಹೇಳಲು ಎಡೆ ತಾನಾಗಿಯೇ ದೊರೆಯುತ್ತದೆ.

ನಮ್ಮ ಹಿಂದಿನವರು ಕಾಶೀಯಾತ್ರೆಗೆ ಇಟ್ಟಿದ್ದ ಕಟ್ಟಳೆಯಲ್ಲಿ ಈ ವಿವೇಕ ಅಡಗಿದೆ. ಕಾಶಿ ಮುಟ್ಟಿದೊಡನೆ ಯಾತ್ರೆ ಮುಗಿಯಲಿಲ್ಲ. ಊರಿಗೆ ಬಂದು ಗಂಗಾಪೂಜೆ ಮಾಡಿ, ಕಾಶೀ ಸಮಾರಾಧನೆಯಲ್ಲಿ ನೆರೆಹೊರೆಗೆಲ್ಲ ಅನ್ನವಿಕ್ಕಿ, ಗಂಗೆಯನ್ನೂ ಕಾಶೀದಾರವನ್ನೂ ಹಂಚಿದ ಮೇಲೆಯೇ ಅದು ಪೂರ್ಣ. ಹೋಗಲಾರದೆ ಉಳಿದವರಿಗೂ ಪಾಲು ಸಲ್ಲಬೇಕೆಂಬುದು ಅದರ ಭಾವ. ಅದಕ್ಕೂ ಮೊದಲು ಗಯೆಯಲ್ಲಿ ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಜನ್ಮಕ್ಕೆ ಬಿಟ್ಟು ಬರುವ ರೂಢಿಯೂ ಉಂಟು.

ಯಾವ ಮತದವರೇ ಆಗಲಿ, ಸೇವೆ ಮುಗಿಸಿ ಬರುವ ಹಿರಿಯರು ಅಂಥದೊಂದನ್ನು ಬಿಟ್ಟು ಬರುವುದಾದರೆ, ಬಿಡಬೇಕಾದುದು ಹಣ್ಣಲ್ಲ. ಮನೆಯು ತಾವು ಹೊರಟ ದಿನ ಹೇಗಿತ್ತೋ ಹಾಗೆಯೇ ಇರಬೇಕೆಂಬ ಹಟ. ಬೀಗದ ಕೈ ಈಗ ಸೊಸೆಯ ಸೊಂಟದಲ್ಲಿದ್ದರೆ ಅಲ್ಲಿಯೇ ಇರಲಿ. ಮೊಮ್ಮಗು ಹತ್ತಿರ ಬರಲು ನಾಲ್ಕು ದಿನ ತೆಗೆದುಕೊಂಡರೆ ತೆಗೆದುಕೊಳ್ಳಲಿ. ಅಪರಿಚಿತರ ಬಾಗಿಲಲ್ಲಿ ತಾಳ್ಮೆಯಿಂದ ನಿಂತು ಅಭ್ಯಾಸವಾದವರಿಗೆ ತಮ್ಮವರ ಬಾಗಿಲಲ್ಲಿ ನಾಲ್ಕು ದಿನ ಕಾಯುವುದು ಕಷ್ಟವಾಗಲಾರದು.